ಕುಡಿ ಅಂದರೆ ಬಲಗಡೆ

ನಮ್ಮ ಭಾವ ಕಳ್ಳರು! ಗಾಬರಿಯಾಗಬೇಡಿ, ಊರವರ ಮನೆಗೆ ಕನ್ನ ಹಾಕುವವರಲ್ಲ. ಕದಿಯುವುದು ಅಕ್ಕನ ಅಡುಗೆಮನೆಯಿಂದ ಮಾತ್ರ, ಅದೂ ಸ್ಟೀಲ್ ಡಬ್ಬಿಗಳನ್ನು ಮಾತ್ರ. ನೇವಿಯಿಂದ ನಿವೃತ್ತರಾದ ಮೇಲೂ ಗದಗಕ್ಕೆ ಮರಳದೆ ವಿಶಾಖಪಟ್ಟಣದಲ್ಲೇ ಉಳಿದ ಈ ಮಹಾನುಭಾವರು ಮನೆಯಲ್ಲಿ ಕೂತು ಹೆಡ್‌ಫೋನಿಗೆ ಆಂಪ್ಲಿಫೈಯರ್ ಕಟ್ಟುತ್ತಾರೆ. ಅಂಗಡಿಯಲ್ಲಿ ಸಿಗುವುದಿಲ್ಲವೇ? ಹಾಗಂತ ನಾನೂ ಕೇಳಿದ್ದೆ.

"ಅಂಗಡ್ಯಾಗ ರೊಟ್ಟಿನೂ ಸಿಗತಾವ. ನಿಮ್ಮಕ್ಕ ಮತ್ಯಾಕ ಬಡೀತಾಳ?" ಎಂದರು.

ಆಂಪ್ಲಿಫೈಯರಿಗೊಂದು ಗೂಡು ಬೇಕಲ್ಲ? ಅದಕ್ಕೇ ಡಬ್ಬಿ. ಅಕ್ಕ ತನ್ನ ಅವಲಕ್ಕಿ ಡಬ್ಬಿಯನ್ನು ಮೂರು ದಿನ ಹುಡುಕಿದಳು. ಕೊನೆಗೆ ಅದು ಭಾವನ ಮೇಜಿನ ಮೇಲೆ ಕಂಡಾಗ ಮೈಯಲ್ಲಿ ನಾಲ್ಕು ತೂತು, ಹೊಟ್ಟೆಯಲ್ಲಿ ಬಣ್ಣಬಣ್ಣದ ತಂತಿ! ಮುಚ್ಚಳದ ಮೇಲೆ ಕೊರೆಸಿದ್ದ 'ಚಿ. ಸೌ. ಮಗಳಿಗೆ ಅಪ್ಪ ಅವ್ವನ ಕಾಣಿಕೆ' ಎಂಬ ಅಕ್ಷರಗಳು ಮಾತ್ರ ಹಾಗೇ ಇದ್ದವು.

ಬ್ಯಾಂಕಿನ ವರ್ಗಾವಣೆಯ ದಯೆಯಿಂದ ತಂಗಿಯಾದ ನಾನೂ ಈ ಊರಿಗೆ ಬಂದು ಅಕ್ಕನ ಮನೆಯಲ್ಲಿ ಟೆಂಟು ಹಾಕಿದೆ. ಬಂದ ವಾರವೇ ಭಾವನ ಪಟ್ಟಶಿಷ್ಯರ ದರ್ಶನವಾಯಿತು. ಪರವಾಡದ ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟು, ತೆಲುಗಿನವರು. ಪಾಳಿ ಮುಗಿಸಿ ಕಂಪನಿ ಬಸ್ಸಿಳಿದವರು ತಮ್ಮ ಮನೆಗೆ ಹೋಗದೆ ನೇರ ಇಲ್ಲಿಗೇ ಬಂದು ಬೆಸುಗೆ ಹಾಕುತ್ತಾರೆ. ಅಂದು ನನ್ನ ತಲೆಗೆ ಹೆಡ್‌ಫೋನ್ ಏರಿಸಿ, ಕಣ್ಣರಳಿಸಿ, "ಕುಡಿ? ಕುಡಿ?" ಎಂದು ಕೇಳಿದರು. ಎಷ್ಟು ಆತಿಥ್ಯ! ಎದುರಿಗಿದ್ದ ಕುದಿಯುವ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ತೆಲುಗಿನಲ್ಲಿ ಕುಡಿ ಅಂದರೆ ಬಲಗಡೆ. ಬಲಗಿವಿಯಲ್ಲಿ ಕೇಳುತ್ತಿದೆಯಾ ಎಂದು ಆ ಮನುಷ್ಯ ಕೇಳಿದ್ದು! ನಾಲಿಗೆ ಸುಟ್ಟುಕೊಂಡು ನಾನು ತೆಲುಗು ಕಲಿಯಲು ಶುರುಮಾಡಿದ್ದು ಹೀಗೆ. ಅಂದಿನಿಂದ ನಮ್ಮ ಮನೆಯಲ್ಲಿ ಬಲಗಡೆಗೆ ಕುಡಿ ಎಂದೇ ಹೆಸರು.

ಇನ್ನೊಬ್ಬ ಶಿಷ್ಯರು ವಿಜಯವಾಡದ ಗವರ್ನರ್‌ಪೇಟೆಯಲ್ಲಿ ತಂತಿ, ಟ್ರಾನ್ಸ್‌ಫಾರ್ಮರ್ ಮಾರುವ ಅಂಗಡಿಯವರು. ಹೊಸ ಡಬ್ಬಿಯ ಸದ್ದು ಕೇಳಬೇಕೆಂದು ಅರ್ಧ ದಿನ ರೈಲಿನಲ್ಲಿ ಕೂತು ಬಂದು, ಎರಡು ಹಾಡು ಕೇಳಿ, ಮುಂದಿನ ರೈಲಿಗೆ ಹೊರಟುಬಿಡುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಊಟವನ್ನೂ ಬಡಿಸಿದ್ದೇನೆ.

ಇವರೆಲ್ಲರಿಗೂ ಭಾವ ಹಾಕಿಕೊಟ್ಟ ಶಾಸನ ಒಂದೇ. ಒಂದು ಕಡೆ ಸದ್ದು ಕಡಿಮೆ ಅನಿಸಿತೋ, ಡಬ್ಬಿ ಬಿಚ್ಚಬಾರದು. ಮೊದಲು ಹೆಡ್‌ಫೋನನ್ನು ಎಡ ಬಲ ತಿರುಗಿಸಿ ಹಾಕಿಕೊಳ್ಳಬೇಕು. ಕೊರತೆ ಇನ್ನೊಂದು ಕಿವಿಗೆ ಹೋದರೆ ತಪ್ಪು ಯಂತ್ರದ್ದು. ಅದೇ ಕಿವಿಯಲ್ಲಿ ಉಳಿದರೆ? "ಉಳದ್ರ ಡಬ್ಬಿ ಬಿಡು, ಡಾಕ್ಟರನ್ನ ನೋಡು!" ಎಂದು ಭಾವ ಗಹಗಹಿಸುತ್ತಿದ್ದರು.

ಇಂಥ ಭಾವ ಒಂದು ದಿನ ಅವಲಕ್ಕಿ ಡಬ್ಬಿಯ ಮುಂದೆ ಕೂತು, "ಕುಡಿ ಬರವಲ್ದು" ಎಂದರು.

ಕೆಮಿಸ್ಟು ಕೇಳಿದರು, ಸರಿ ಇತ್ತು. ನಾನು ಕೇಳಿದೆ, ಸರಿ ಇತ್ತು. "ನಿಮ್ಮ ಕಿವಿ ದಪ್ಪ ಅದಾವ" ಎಂದು ಭಾವ ಡಬ್ಬಿ ಬಿಚ್ಚಿದರು. ವಾಲ್ಯೂಮಿನ ತಿರುಪು ಬದಲಾಯಿತು, ತಂತಿ ಬದಲಾಯಿತು, ಹಳೆಯ ಬೆಸುಗೆ ಕಿತ್ತು ಹೊಸದು ಬಂತು. ಎರಡು ತಿಂಗಳು ಇದೇ ಪಾಡು. ಹೆಡ್‌ಫೋನನ್ನು ಮಾತ್ರ ಒಮ್ಮೆಯೂ ತಿರುಗಿಸಿ ಹಾಕಲಿಲ್ಲ.

ಋಷಿಕೊಂಡದ ಕಡಲ ದಂಡೆಯಲ್ಲಿ ಅವರ ಬಲಕ್ಕೆ ನಡೆಯುತ್ತಾ ನಾನೊಂದು ನಗೆಚಟಾಕಿ ಹಾರಿಸಿದೆ. ನಗಲಿಲ್ಲ. ನನ್ನ ಹಾಸ್ಯಕ್ಕೆ ಜನ ನಗದಿರುವುದು ಹೊಸತೇನಲ್ಲ. ಆದರೆ ಭಾವ ಬಯ್ಯಲೂ ಇಲ್ಲವಲ್ಲ! ಮನೆಗೆ ಬಂದು ಅಕ್ಕನಿಗೆ ಹೇಳಿದರೆ, ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ನಾ ಊಟಕ್ಕ ಅವರ ಎಡಕ್ಕ ಕುಂಡ್ರಾಕತ್ತಿ ತಿಂಗಳಾತು" ಎಂದಳು.

"ಅವರಿಗೆ ಗೊತ್ತಿಲ್ಲೇನಕ್ಕಾ?"

"ಗೊತ್ತೈತಿ. ಅದಕ್ಕ ತಿರುಗಿಸವಲ್ರು." ಮತ್ತೆ ರೊಟ್ಟಿಗೆ ಕೈಹಚ್ಚಿ, "ಐತವಾರ ವಿಜಯವಾಡಕ್ಕ ಡಬ್ಬಿ ಒಯ್ಯಾವ್ರದಾರ. ನೀನೂ ಹೋಗು. ತಿರುಗಿಸಿ ಹಾಕ್ಕೊಳ್ಳೊ ಹೊತ್ತಿಗೆ ಮನಿಯವರೊಬ್ರು ಇರಬೇಕು. ನಾ ಬಂದ್ರ ನನ್ನ ಮುಖ ನೋಡಿ ನಗಸ್ತಾರ, ಹಾಕ್ಕೊಳ್ಳಾಂಗಿಲ್ಲ" ಎಂದಳು.

ಗವರ್ನರ್‌ಪೇಟೆಯ ಅಂಗಡಿಯ ಮಹಡಿ. ಕೆಳಗೆ ಆಟೋಗಳ ಗದ್ದಲವೆಂದು ಕಿಟಕಿ ಮುಚ್ಚಿದ್ದರು, ಫ್ಯಾನ್ ಸದ್ದು ಮಾಡುತ್ತದೆಂದು ಅದನ್ನೂ ಆರಿಸಿದ್ದರು. ವಿಜಯವಾಡದ ಸೆಕೆಯಲ್ಲಿ ಫ್ಯಾನ್ ಆರಿಸಿ ಹಾಡು ಕೇಳುವವರನ್ನು ಹುಚ್ಚರೆನ್ನದೆ ಏನೆನ್ನಲಿ! ನಮ್ಮ ಜೊತೆ ಬಂದಿದ್ದ ಕೆಮಿಸ್ಟೂ ಸೇರಿ ನಾವು ನಾಲ್ವರೂ ಬೆವರುತ್ತಾ ಕೂತೆವು. ಭಾವ ಡಬ್ಬಿ ಇಟ್ಟು, ಅದೇ ದೂರನ್ನು ತೆಲುಗಿನಲ್ಲಿ, "ಕುಡಿ ರಾವಟ್ಲೇದು" ಎಂದರು. ಅಂಗಡಿಯವರು ಕೇಳಿದರು. ಕೆಮಿಸ್ಟು ಕೇಳಿದರು. ಒಬ್ಬರ ಮುಖ ಒಬ್ಬರು ನೋಡಿದರು. ಯಾರು ಹೇಳಬೇಕು?

ಕೊನೆಗೆ ಅಂಗಡಿಯವರು ಎರಡೂ ಕೈಯಲ್ಲಿ ಹೆಡ್‌ಫೋನನ್ನು ಪ್ರಸಾದದ ಹಾಗೆ ಹಿಡಿದು, ಮೆಲ್ಲಗೆ ಅಂದರು: "ಗುರುವುಗಾರೂ, ತಿಪ್ಪಿ ಪೆಟ್ಟುಕೋಂಡಿ." ತಿರುಗಿಸಿ ಹಾಕಿಕೊಳ್ಳಿ ಎಂದು. ಅವರದೇ ಶಾಸನ, ಅವರಿಗೇ.

ಭಾವ ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡರು. ಕಣ್ಣು ಮುಚ್ಚಿದರು. ಹಾಡಿನ ಒಂದು ಚರಣ ಪೂರ್ತಿ ಕೇಳಿದರು. ಆಮೇಲೆ ಅದನ್ನು ತೆಗೆದು ಡಬ್ಬಿಯ ಪಕ್ಕ ಇಟ್ಟು, ಮುಚ್ಚಳ ಸವರಿ, ನನ್ನ ಕಡೆ ತಿರುಗಿ, "ಡಬ್ಬಿ ಚಲೋ ಐತವಾ" ಎಂದರು. ಅಷ್ಟೇ. ನನಗೆ ಅಳು ತಡೆಯಲಿಕ್ಕಾಗಲಿಲ್ಲ.

ಅಂಗಡಿಯವರು ಎದ್ದುಹೋಗಿ ಸ್ವಿಚ್ಚೊಂದನ್ನು ತಂದರು, ಕೆಮಿಸ್ಟು ತಂತಿ ಸುಲಿದರು. ಗುರುವಿನ ಅಪ್ಪಣೆಯನ್ನೂ ಕೇಳದೆ ಅವಲಕ್ಕಿ ಡಬ್ಬಿಗೆ ಐದನೆಯ ತೂತು ಕೊರೆದರು. ಸ್ವಿಚ್ ಹಾಕಿದರೆ ಎಡಗಡೆಯದೂ ಬಲಗಡೆಯದೂ ಬೆರೆತು, ಎರಡು ಕಿವಿಗೂ ಪೂರ್ತಿ ಹಾಡು ಸಿಗುತ್ತದೆ. ಒಂದೇ ಕಿವಿಯಿದ್ದರೂ ಏನೂ ತಪ್ಪಿಹೋಗುವುದಿಲ್ಲ. ನಾನು ಕಲಿಸಿದ್ದ ಕನ್ನಡ ಅಕ್ಷರಗಳಲ್ಲಿ ಕೆಮಿಸ್ಟು ಸ್ವಿಚ್ಚಿನ ಕೆಳಗೆ 'ಕುಡಿ' ಎಂದು ಮಾರ್ಕರಿನಲ್ಲಿ ಬರೆದರು. ಕಳೆದುಹೋದ ಬಲಗಡೆ ಇನ್ನು ಇಲ್ಲಿ ಸಿಗುತ್ತದೆ ಎಂದು.

ಮರುದಿನವೇ ಅಕ್ಕ ಭಾವನನ್ನು ಡಾಕ್ಟರ ಬಳಿ ಕರೆದೊಯ್ದಳು. ಕಿವಿಯ ನರ ಸೋತಿದೆ, ಮರಳುವ ಭರವಸೆ ಕಡಿಮೆ ಎಂದರಂತೆ. ಮನೆಗೆ ಬಂದವಳು ಹಾಲು ಒಲೆಗಿಟ್ಟು, ಮೇಜಿನ ಮೇಲಿದ್ದ ತನ್ನ ಡಬ್ಬಿಯನ್ನು ನೋಡಿ, ಗೊತ್ತಿದ್ದೂ ಕೆಣಕಿದಳು.

"ಇದೇನ್ರೀ, ಕುಡಿ ಅಂತ ಬರದೀರಿ? ಮಜ್ಜಿಗಿ ಐತೇನು ಇದರಾಗ?"

"ಎರಡೂ ಕಡೀದು ಕೂಡಿಸಿ ಕೊಡತೈತಿ ಅದು" ಎಂದರು ಭಾವ.

"ಹಂಗಾರ ದೀರ್ಘ ಬೇಕಲ್ಲ" ಎಂದು ಅಕ್ಕ ಮಾರ್ಕರ್ ತೆಗೆದುಕೊಂಡು ಆ 'ಕು'ವಿನ ಬಾಲ ಎಳೆದಳು. 'ಕೂಡಿ' ಆಯಿತು.

ಭಾವ ಅದನ್ನೇ ನೋಡುತ್ತಾ ಕೂತರು. ಇಷ್ಟು ವರ್ಷ ಆ ಮನೆಯಲ್ಲಿ ಹಾಡು ಕೇಳುತ್ತಿದ್ದುದು ಅವರಿಗೆ, ಅವರ ಶಿಷ್ಯರಿಗೆ, ಅಕ್ಕನ ಪಾಲಿಗೆ ಬಂದದ್ದು ಬೆಸುಗೆಯ ಹೊಗೆ ಮಾತ್ರ. ಈಗ ಸ್ವಿಚ್ ಒತ್ತಿ, ಹೆಡ್‌ಫೋನನ್ನು ಅಗಲಿಸಿ, ಒಂದು ಬದಿಯನ್ನು ತಮ್ಮ ಎಡಗಿವಿಗೆ ಹಿಡಿದು ಇನ್ನೊಂದನ್ನು ಅವಳ ಕಡೆ ಚಾಚಿದರು.

"ನಾ ಯಾವ ಕಡೀದು ಹಿಡೀಲಿ?" ಎಂದಳು ಅಕ್ಕ.

"ಯಾವದರ ಹಿಡಿ. ಈಗ ಎರಡೂ ಒಂದ."

ಅಕ್ಕ ಅವರ ಎಡಕ್ಕೆ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತಳು. ಒಲೆಯ ಮೇಲೆ ಅವಳಿಟ್ಟಿದ್ದ ಹಾಲು ಉಕ್ಕುವ ಸದ್ದು ಇಬ್ಬರಿಗೂ ಕೇಳಲಿಲ್ಲ. ನಾನೇ ಹೋಗಿ ಆರಿಸಿ ಬಂದೆ.