ರಸ್ತೆಯಾಚೆಯ ತವರು

ಕಾವ್ಯಾ, ಚೇತೂ, ನಿಮ್ಮ ತಾತ ಬಹಳ ದೊಡ್ಡ ಮನುಷ್ಯರೆಂದು ಯಾರು ಯಾರೋ ನಿಮಗೆ ಹೇಳಿದ್ದಾರೆ. ಆಫ್ರಿಕಾದಲ್ಲಿ ಮೇಷ್ಟ್ರಾಗಿದ್ದವರು, ಇಂಗ್ಲಿಷಿನಲ್ಲಿ ವಿಜ್ಞಾನ ಪಾಠ ಮಾಡಿದವರು ಎಂದೆಲ್ಲ. ಇರಲಿ. ಆದರೆ ಮದುವೆಯಾದ ವರ್ಷವೇ ಕಟ್ಟಿಕೊಂಡ ಹೆಂಡತಿಯನ್ನು ಟ್ರಂಕಿನ ಸಮೇತ ಪರರ ಮನೆಗೆ ಸಾಗಹಾಕಿ, ಆ ಘನಕಾರ್ಯದಿಂದಾಗಿ ಒಂದು ದೇಶದಿಂದಲೇ ಓಡಿಸಿಕೊಳ್ಳುವ ಹಂತಕ್ಕೆ ಬಂದಿದ್ದರು ಎಂದು ಯಾರಾದರೂ ಹೇಳಿದ್ದಾರೆಯೇ? ಹೇಳಿರುವುದಿಲ್ಲ! ಗೊತ್ತಿರುವವಳು ನಾನೊಬ್ಬಳೇ, ನಾನೋ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಊರಿನ ಶಾಲೆಯಲ್ಲಿ, ತಪ್ಪಿದ್ದರೆ ತಿದ್ದಿಕೊಳ್ಳಿ. ನನ್ನ ಕೋಪವನ್ನು ಮಾತ್ರ ತಿದ್ದಬೇಡಿ.

ನನ್ನ ತವರು ಹುಣಸೂರು ತಾಲ್ಲೂಕಿನ ಗುರುಪುರದ ಪಕ್ಕ. ತಾತನ ಊರು ಎಚ್.ಡಿ. ಕೋಟೆಯ ಕಡೆ, ಹೊಳೆ ದಂಡೆಯಲ್ಲಿತ್ತು. ಬೀಚನಹಳ್ಳಿಯಲ್ಲಿ ಅಣೆಕಟ್ಟೆ ಎದ್ದಾಗ ಮನೆ, ಹೊಲ, ಹಿತ್ತಲಿನ ಹುಣಸೆಮರ ಎಲ್ಲವೂ ನೀರಿನೊಳಕ್ಕೆ ಹೋಯಿತು. ಅವರ ಅವ್ವ ಅಂತರಸಂತೆಯಲ್ಲಿ ಮಗಳ ಮನೆ ಸೇರಿಕೊಂಡರು. ತಾತ ಅಷ್ಟರಲ್ಲಾಗಲೇ ಜಾಂಬಿಯಾದ ಒಂದು ಸಣ್ಣ ಪಟ್ಟಣದಲ್ಲಿ ಮೇಷ್ಟ್ರು. ರಜೆಯಲ್ಲಿ ಬಂದರು, ನನ್ನನ್ನು ನೋಡಿದರು, ಮದುವೆಯಾಯಿತು. 'ಇನ್ನೆರಡು ವರ್ಷ ಅಷ್ಟೇ, ಆಮೇಲೆ ಬಂದುಬುಡ್ತೀವಿ' ಎಂದು ನಮ್ಮಪ್ಪನಿಗೆ ಹೇಳಿದ್ದರು. ತಾಳಿ ಕಟ್ಟಿದ ಮೇಲೆ ನನಗೆ ಹೇಳಿದ್ದೇನು ಗೊತ್ತೇ?

"ನಂಗೆ ಊರಿಲ್ಲ ಕಣಮ್ಮಿ. ಅಲ್ಲೇ ಕಾಯಂ ಇರಕ್ಕೆ ಅರ್ಜಿ ಹಾಕಿವ್ನಿ. ಇಬ್ರುಗೂ ಸೇರ್ಸಿ ಕೊಡ್ತಾರೆ."

ಕಾಯಂ! ಗುರುಪುರದ ಪಕ್ಕದಲ್ಲಿ ಟಿಬೆಟ್ಟಿನವರು ಬಂದು ಬಿಡಾರ ಹೂಡಿದಾಗ, ಪಾಪ ಯಾವ ದೇಶದವರೋ ಎಂದು ಮರುಗಿ ನಮ್ಮವ್ವ ಒಂದು ಕೊಡ ಮಜ್ಜಿಗೆ ಕಳಿಸಿದ್ದಳು. ಈಗ ಅವಳ ಮಗಳೇ 'ಯಾವ ದೇಶದವಳೋ' ಆಗಬೇಕು! ಒಂದು ಮಾತು ಕೇಳಬಾರದಿತ್ತೇ ಈ ಮನುಷ್ಯ?

ಕೇಳುವ ಅಭ್ಯಾಸವೇ ಅವರಿಗಿರಲಿಲ್ಲ. ವಿಜ್ಞಾನದ ಮೇಷ್ಟ್ರಲ್ಲವೇ! ಗ್ರಹಣ ಹಿಡಿದಾಗ ಬೀದಿಗೆಲ್ಲ ಕಾಣುವಂತೆ ಜಗಲಿಯ ಮೇಲೆ ಕೂತು ಚಿತ್ರಾನ್ನ ತಿನ್ನುವವರು. ನಾವು ಹೊರಡುವ ದಿನ ನಮ್ಮಪ್ಪ ಒಳ್ಳೆಯ ಗಳಿಗೆ ನೋಡಿಸಿದ್ದರೆ, ಇವರು ಬೇಕೆಂದೇ ರಾಹುಕಾಲದಲ್ಲಿ ಟ್ರಂಕು ಎತ್ತಿದರು. ಹುಣಸೂರು ದಾಟುವ ಮೊದಲೇ ಬಸ್ಸಿನ ಟೈರು ಪಂಚರ್! ಬೀಳ್ಕೊಡಲು ಜೊತೆಗೆ ಬಂದಿದ್ದ ನಮ್ಮಪ್ಪ ಅಳಿಯನ ಮುಖ ನೋಡಿದರು. ಅಳಿಯ ಬಗ್ಗಿ, ಹುಡುಕಿ, ಟೈರಿನಿಂದ ಒಂದು ಲಾಳದ ಮೊಳೆ ಕೀಳಿಸಿ ಮಾವನ ಅಂಗೈಯಲ್ಲಿಟ್ಟರು. "ನೋಡಿ ಮಾವ, ಇದು ಮೊಳೆ. ರಾಹು ಇಷ್ಟು ಸಣ್ಣಕ್ಕಿರಕಿಲ್ಲ."

ಇಂಥವರಿಗೆ ಆಷಾಢದ ಚಿಂತೆ ಏಕೆ ಬಂತು ಹೇಳಿ!

ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ಆಷಾಢ ಮಾಸವನ್ನು ತವರಿನಲ್ಲಿ ಕಳೆಯಬೇಕು, ಗಂಡ ಹೆಂಡತಿ ಒಂದೇ ಮನೆಯಲ್ಲಿರಬಾರದು. ಇದು ನಮ್ಮ ಕಡೆಯ ಪದ್ಧತಿ. ಸಮುದ್ರ ದಾಟಿದ ಮೇಲೆ ಇದೆಲ್ಲ ಎಲ್ಲಿಯ ಮಾತು ಎಂದುಕೊಂಡಿದ್ದೆ. ಆದರೆ ಹೊರಡುವಾಗ ನಮ್ಮತ್ತೆ ಮಗನ ಕೈ ಹಿಡಿದು, "ಆಸಾಡ್ದಲ್ಲಿ ಎಣ್ಣ ತವರ್ಗೆ ಕಳಿಸ್ದೆ ಜೊತೇಲಿಟ್ಕಂಡ್ರೆ ನಾನಿರಕಿಲ್ಲ ಕಣ್ಲಾ ಮಗ" ಎಂದಿದ್ದರಂತೆ. ಮಗ ಹೂಂ ಎಂದಿದ್ದರಂತೆ.

"ಅಲ್ಲಾ, ಗ್ರಹಣದಲ್ಲಿ ಚಿತ್ರಾನ್ನ ತಿನ್ನೋರ್ಗೆ ಆಸಾಡ ಯಾಕೆ ಬೇಕು?" ಎಂದೆ.

"ಗ್ರಹಣುಕ್ಕೆ ನಾನು ಮಾತು ಕೊಟ್ಟಿಲ್ಲ. ಅವ್ವುಂಗೆ ಕೊಟ್ಟಿವ್ನಿ."

"ನನ್ ತವರು ಸಮುದ್ರದಾಚೆ ಐತೆ. ಈಜ್ಕಂಡು ಓಗ್ಲಾ?"

ಅಂದಿನಿಂದ ಶಾಲೆ ಬಿಟ್ಟ ಮೇಲೆ ಎಲ್ಲೆಲ್ಲೋ ತಿರುಗಿ ಕತ್ತಲಾಗುವಾಗ ಬರತೊಡಗಿದರು. ಒಂದು ಸಂಜೆ ಕಳೆದುಹೋದ ಕರು ಸಿಕ್ಕಿದವರಂತೆ ಓಡಿ ಬಂದು, "ತವರು ಸಿಕ್ತು ಕಣಮ್ಮಿ!" ಎಂದರು.

ಸಿಕ್ಕಿದ ತವರು ಯಾವುದು? ರಸ್ತೆಯ ಆಚೆ ಬದಿಯ ಗುಜರಾತಿ ಅಂಗಡಿಯವರ ಮನೆ! ಸೇಟು ಮತ್ತು ಅವರ ಹೆಂಡತಿ, ವಯಸ್ಸಾದವರು. ಆಕೆಯನ್ನು ಎಲ್ಲರೂ ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದರು. ಇದ್ದೊಬ್ಬ ಮಗಳು ಮದುವೆಯಾಗಿ ದೂರ ಹೋಗಿದ್ದಳು. ಅವರಿಗೆ ಕನ್ನಡ ಬಾರದು, ನನಗೆ ಗುಜರಾತಿಯೂ ಬಾರದು, ಹಿಂದಿಯೂ ಬಾರದು.

ಅಷ್ಟಕ್ಕೇ ಬಿಟ್ಟರೇ? ತವರಿನಿಂದ ಯಾರಾದರೂ ಕರೆಯಲು ಬರಬೇಕು ಎಂದು ಹಟ ಹಿಡಿದರು. ಸೇಟು ಟೋಪಿ ಇಟ್ಟುಕೊಂಡು, ತೆಂಗಿನಕಾಯಿ ಸಿಗದೆ ಒಂದು ಕುಂಬಳಕಾಯಿ ಹೊತ್ತುಕೊಂಡು ರಸ್ತೆ ದಾಟಿ ಬಂದು ಗಂಭೀರವಾಗಿ ನನ್ನನ್ನು ಕರೆದರು. ತಾತ ನನ್ನ ಟ್ರಂಕನ್ನು ಅವರ ಗೇಟಿನವರೆಗೆ ಹೊತ್ತು, ಅಲ್ಲಿಟ್ಟು, ತಿರುಗಿ ಹೋದರು. ಅಳಿಯ ಆಷಾಢದಲ್ಲಿ ಮಾವನ ಮನೆಯ ಗೇಟು ದಾಟಬಾರದಲ್ಲ! ನಾನು ಸಿಟ್ಟಿಗೆ ಗಟ್ಟಿಯಾಗಿ ಅತ್ತೆ. ಬೀದಿಯವರು ಯಾರೋ ಸತ್ತರೆಂದು ಬಂದು ನೋಡಿಹೋದರು.

ಆ ಆಷಾಢವಾದರೂ ಎಂಥದ್ದು! ನಮ್ಮಲ್ಲಿ ಗಾಳಿ, ಸೋನೆ ಮಳೆ. ಅಲ್ಲಿ ಒಂದು ಹನಿ ಇಲ್ಲ, ಮೂಳೆ ಕೊರೆಯುವ ಒಣ ಚಳಿ. ತವರೋ, ತೊಗರಿಬೇಳೆಗೆ ಬೆಲ್ಲ ಹಾಕುವ ತವರು! ಬೆನ್ ನನ್ನನ್ನು ಒಂದು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. ತಲೆಗೆ ಎಣ್ಣೆ ತಟ್ಟುತ್ತ ಅವರ ಭಾಷೆಯಲ್ಲಿ ಏನೋ ಹೇಳುತ್ತಿದ್ದರು, ನಾನು ನನ್ನ ಭಾಷೆಯಲ್ಲಿ ನಿಮ್ಮ ತಾತನನ್ನು ಬಯ್ಯುತ್ತಿದ್ದೆ. ಇಬ್ಬರಿಗೂ ಸಮಾಧಾನವಾಗುತ್ತಿತ್ತು.

ಸಂಜೆಯಾದರೆ ತಾತ ಗೇಟಿನಾಚೆ ಹಾಜರ್.

"ಉಪ್ಪು ಎಲ್ ಮಡುಗಿದ್ದೀಯಮ್ಮಿ?"

"ಉಪ್ಪಿನ್ ಡಬ್ಬೀಲಿ!"

"ಒಗ್ಗರಣೆ ಮೊದ್ಲೋ, ಬೇಳೆ ಮೊದ್ಲೋ?"

"ಒಲೆ ಅಚ್ಚೋದು ಮೊದ್ಲು!"

ಅಲ್ಲಿಯ ಜನ ಜೋಳದ ಹಿಟ್ಟಿನಲ್ಲಿ ತಿರುವುವ ಬಿಳಿ ಮುದ್ದೆಯನ್ನು ಇವರೂ ತಿರುವಲು ಹೋಗಿ ಎರಡು ಪಾತ್ರೆ ಸೀಯಿಸಿದರು.

ಹೀಗಿರುವಾಗ, ಕಾಯಂ ವಾಸದ ಅರ್ಜಿಯ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಆ ದೇಶದವರೇ, ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಕೋಟು. ಗಂಡ ಹೆಂಡತಿ ನಿಜವಾಗಿ ಜೊತೆಯಲ್ಲಿ ಸಂಸಾರ ಮಾಡುತ್ತಿದ್ದಾರೆಯೇ ಎಂದು ನೋಡುವುದೇ ಅವರ ಕೆಲಸ. ನೋಡಿದರೆ ಮನೆಯಲ್ಲಿ ಸೀದ ಪಾತ್ರೆಯ ಮುಂದೆ ಗಂಡು ಒಬ್ಬನೇ! ಒಂದು ಸೀರೆಯಿಲ್ಲ, ಒಂದು ಬಳೆಯಿಲ್ಲ.

ಹೆಂಡತಿ ಎಲ್ಲಿ ಎಂದು ಕೇಳಿದರೆ ತಾತ, ತವರಿಗೆ ಹೋಗಿದ್ದಾಳೆ ಎಂದರಂತೆ. ಇಂಡಿಯಾಕ್ಕೋ? ಅಲ್ಲ, ರಸ್ತೆಯಾಚೆ! ಅಧಿಕಾರಿ ಅರ್ಜಿ ತೆಗೆದು ನೋಡಿದರು. ಹುಡುಗಿಯ ತವರು ಗುರುಪುರ ಎಂದಿದೆ. ಅವರ ಮುಖ ಬಿಗಿಯಿತು. ಎದ್ದು, ರಸ್ತೆ ದಾಟಿ, ಸೇಟು ಮನೆಯೊಳಕ್ಕೆ ಬಂದು ನನ್ನ ಮುಂದೆ ಕೂತರು. ಬೆನ್ ನನ್ನನ್ನು ತಬ್ಬಿಕೊಂಡು "ಮೇರೀ ಬೇಟಿ, ಮೇರೀ ಬೇಟಿ" ಎಂದು ಪ್ರಕರಣವನ್ನು ಪೂರ್ತಿ ಕೆಡಿಸಿದರು.

ಅಧಿಕಾರಿಯ ಇಂಗ್ಲಿಷನ್ನು ನನಗೆ ಕನ್ನಡದಲ್ಲಿ ಹೇಳಬಲ್ಲವರು ಆ ಊರಿಗೆಲ್ಲ ಒಬ್ಬರೇ. ಅವರು ಗೇಟಿನಾಚೆ ನಿಂತಿದ್ದಾರೆ! ಒಳಗೆ ಬಾ ಎಂದರೆ ತಲೆಯಾಡಿಸುತ್ತಾರೆ. ಕೊನೆಗೆ ಅಧಿಕಾರಿ ಕಿಟಕಿಯಿಂದ ಪ್ರಶ್ನೆ ಕೂಗಿದರು, ತಾತ ಅದನ್ನು ಗೇಟಿನಿಂದ ನನಗೆ ಕೂಗಿದರು:

"ನಿನ್ ಗಂಡ ನಿನ್ನ ಮನೆಯಿಂದ ಓಡ್ಸವ್ನಾ ಅಂತ ಕೇಳ್ತಾವ್ರೆ ಕಣಮ್ಮಿ!"

ಬೀದಿಯೆಲ್ಲ ನಿಂತು ಕೇಳುತ್ತಿದೆ! ಎಂದೂ ಏರದ ನನ್ನ ದನಿ ಅಂದು ಏರಿತು. "ಓಡಿಸ್ದೇ ಇನ್ನೇನ್ ಮಾಡವ್ರೆ? ಲೋಕದಲ್ಲಿರೋ ದೇವ್ರನ್ನೆಲ್ಲ ಬುಟ್ಟು ಆಸಾಡ ಒಂದ್ನ ಇಡ್ಕಂಡವ್ರೆ! ಒಲೆ ಅಚ್ಚಕ್ ಬರಕಿಲ್ಲ, ಉಪ್ಪಿನ್ ಡಬ್ಬಿ ಕಣ್ಗ್ ಕಾಣಕಿಲ್ಲ. ಈ ಮಂಕ್ ಮನ್ಸನ್ನ ಕಟ್ಕಂಡು ನಾನು ಕೆಟ್ಟೆ ಅಂತೇಳಿ!"

ತಾತ ಅದಷ್ಟನ್ನೂ ಇಂಗ್ಲಿಷಿನಲ್ಲಿ ಕೂಗಿದರು. ಉಪ್ಪಿನ ಡಬ್ಬಿ, ಮಂಕು ಮನುಷ್ಯ, ಒಂದನ್ನೂ ಬಿಡಲಿಲ್ಲವೆಂದು, ನನಗೆ ನಾಲ್ಕು ಮಾತು ಹಿಂದಿ ಬಂದ ಮೇಲೆ, ಸೇಟು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದರು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಗೇಟಿನ ಕಡೆ ನೋಡಿದರು. ಆಮೇಲೆ ಕಿಟಕಿಗೆ ಬಾಗಿ ನಿಧಾನವಾಗಿ ಇನ್ನೊಂದು ಪ್ರಶ್ನೆ ಕೇಳಿದರು. ಈ ಸಲ ತಾತ ಅದನ್ನು ನನಗೆ ಹೇಳಿದಾಗ ದನಿ ಕೂಗಿನಂತಿರಲಿಲ್ಲ.

"ನಿಂಗೆ ಊರ್ಗೆ ಓಗ್ಬೇಕು ಅನ್ಸುದ್ರೆ ಈಗ್ಲೇ ಏಳ್ಬೋದಂತೆ. ಅವ್ರೇ ಕಳಿಸ್ಕೊಡ್ತಾರಂತೆ."

ತಾತ ಅದನ್ನು ಬದಲಾಯಿಸಿ ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು? ಬಂದ ದಿನದಿಂದ ನಾನು ಬಯಸಿದ್ದು ಅದೊಂದನ್ನೇ. ಹೂಂ ಎಂದರೆ ಸಾಕು, ಗುರುಪುರ. ಅವರ ಅರ್ಜಿ ಅಲ್ಲಿಗೆ ಮುಗಿಯುತ್ತಿತ್ತು. ಅವರು ಎಲ್ಲಿಗೆ ಹೋಗಬೇಕಿತ್ತು? ನೀರಿನೊಳಕ್ಕೇ? ಕಿಟಕಿಯಿಂದ ನೋಡಿದೆ. ಗೇಟಿನ ಸರಳು ಹಿಡಿದುಕೊಂಡು ಆ ಚಳಿಯಲ್ಲಿ ಬರಿಯ ಅಂಗಿಯಲ್ಲಿ ನಿಂತಿದ್ದರು. ಸ್ವೆಟರ್ ಎಲ್ಲಿದೆ ಎಂದು ಕೇಳುವುದನ್ನೇ ಮರೆತಿದ್ದರು!

"ಆಸಾಡ ಮುಗಿಯೋಗಂಟ ಈ ಮನೆ ಬುಟ್ಟು ಕದಲಕಿಲ್ಲ, ಮುಗುದ್ ಮೇಲೆ ಆ ಮನೆ ಬುಟ್ಟು ಕದಲಕಿಲ್ಲ ಅಂತೇಳಿ" ಎಂದೆ. "ಸ್ವೆಟರು ಬೀರು ಮೇಲೈತೆ. ಅದ್ನ ಅವ್ರುಗ್ ಏಳ್ಬೇಡಿ."

ಅದನ್ನೂ ಹೇಳಿದರು, ಪುಣ್ಯಾತ್ಮ!

ಅಧಿಕಾರಿ ಏಳುವಾಗ, ಇಷ್ಟಾದರೂ ಈತ ಒಳಗೇಕೆ ಬರುವುದಿಲ್ಲ ಎಂದು ಸೇಟುವನ್ನು ಕೇಳಿದರು. ಇದು ಅವನ ಅತ್ತೆಯ ಮನೆ ಎಂದರು ಸೇಟು. ಅಷ್ಟೇ, ಆ ಬಿಗಿದ ಮುಖ ಸಡಿಲಿತು. ಅವರ ಕಡೆಯೂ ಅಳಿಯನಾದವನು ಅತ್ತೆಯ ಎದುರಿಗೆ ಬರುವಂತಿಲ್ಲವಂತೆ. ಅತ್ತೆ ದಾರಿಯಲ್ಲಿ ಕಂಡರೆ ಪೊದೆಯೊಳಗೆ ನುಗ್ಗಬೇಕಂತೆ! ನಗುತ್ತ ಹೊರಗೆ ಹೋಗಿ ತಾತನ ಬೆನ್ನು ತಟ್ಟಿದರು. ಕಾಯಂ ವಾಸದ ಕಾಗದ ಇಬ್ಬರ ಹೆಸರಿಗೂ ಬಂತು.

ಶ್ರಾವಣ ಹುಟ್ಟಿದ ದಿನ ಬೆನ್ ನನ್ನ ತಲೆಗೆ ಹೂ ಮುಡಿಸಿ, ಅಷ್ಟರಲ್ಲಿ ನಾನು ಕಲಿತಿದ್ದ ಚೂರುಪಾರು ಹಿಂದಿಯಲ್ಲಿ ಒಂದು ಮಾತು ಹೇಳಿದರು. ಆ ಸಂಜೆಗಳಲ್ಲಿ ತಾತ ಆ ಪಟ್ಟಣದ ಇಂಡಿಯಾದವರ ಮನೆ ಮನೆಗೂ ಹೋಗಿದ್ದರಂತೆ. ಒಂದು ತಿಂಗಳ ಮಟ್ಟಿಗಾದರೆ ಯಾರಾದರೂ ಒಪ್ಪುತ್ತಿದ್ದರಂತೆ. ಇವರು ಕೇಳಿದ್ದು ತಿಂಗಳಿಗಲ್ಲ. "ನನ್ನ ಹೆಂಡತಿಗೆ ಈ ದೇಶದಲ್ಲಿ ಯಾರೂ ಇಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಎದ್ದು ಹೋಗಲು ಅವಳಿಗೊಂದು ಮನೆ ಬೇಕು. ಕೊನೆಯವರೆಗೂ ನೀವು ಅವಳ ತಾಯಿಯಾಗುತ್ತೀರಾ?" ಎಂದು ಬಾಗಿಲಲ್ಲಿ ನಿಂತಿದ್ದರಂತೆ.

ನನಗೆ ಒಂದು ಮಾತೂ ಹೇಳಿರಲಿಲ್ಲ ನೋಡಿ, ಈ ಮನುಷ್ಯ!

ಮಕ್ಕಳೇ, ಆ ದೇಶದಲ್ಲಿ ಬಹಳ ವರ್ಷ ಬಾಳಿದೆವು. ನಿಮ್ಮಪ್ಪ ಹುಟ್ಟಿದ್ದೂ ಅಲ್ಲೇ, ಬಾಣಂತನ ಮಾಡಿದವರು ಬೆನ್. ಸಿಟ್ಟು ಮಾಡಿಕೊಂಡು ಎಷ್ಟು ಸಲ ಆ ರಸ್ತೆ ದಾಟಿದೆನೋ! ಈಗಲೂ ಸಿಟ್ಟು ಬರುತ್ತದೆ, ದಿನಾ ಬರುತ್ತದೆ. ಆದರೆ ಅವರಿಲ್ಲದ ಮನೆಯಲ್ಲಿ ಯಾರ ಮೇಲೆ ಸಿಟ್ಟಾಗಿ ಎದ್ದು ಹೋಗಲಿ? ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟೆ. ಒದ್ದೆಯಾಗದ ಕಡೆ ಎತ್ತಿಡಿ. ಬರೆಯುತ್ತ ಬರೆಯುತ್ತಲೇ ಕಾಗದದ ಒಂದು ಮೂಲೆ ಒದ್ದೆಯಾಗಿದೆ.