ಹಲ್ಲಿಯ ಸಾಕ್ಷಿಯಲ್ಲಿ ಆರೋಗ್ಯ ವಿಮೆ

ಜಗತ್ತಿನಲ್ಲಿ ಅತಿ ಹೆಚ್ಚು ಸಲ ಹೇಳಿದ ಸುಳ್ಳು ಯಾವುದೆಂದು ಯಾರಾದರೂ ಕೇಳಿದರೆ ನಾನು ‘ಆರಾಮಿದ್ದೀನಿ’ ಎಂಬುದನ್ನೇ ಹೇಳುತ್ತೇನೆ. ಲಿಫ್ಟಿನಲ್ಲಿ ಸಿಕ್ಕವರು ಕೇಳುತ್ತಾರೆ, ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತವರು ಕೇಳುತ್ತಾರೆ, ನಾವೂ ತಲೆ ಎತ್ತದೆ ‘ಆರಾಮ್’ ಅಂದು ಮುಂದೆ ಹೋಗುತ್ತೇವೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ, ಹೇಳಿದವರಿಗೆ ಹೇಳಿದ್ದು ನೆನಪಿರುವುದಿಲ್ಲ. ಆದರೆ ಒಂದು ದಿನ ಗುರುತು ಪರಿಚಯ ಇಲ್ಲದವರು ಫೋನ್ ಮಾಡಿ, ನಿಮ್ಮ ಮಾತು ರೆಕಾರ್ಡ್ ಆಗುತ್ತಿದೆ, ಈಗ ಹೇಳಿ, ನಿಜವಾಗಿಯೂ ಆರಾಮಿದ್ದೀರಾ ಎಂದು ಕೇಳಿದರೆ ಆ ಸುಳ್ಳು ಅಷ್ಟು ಸಲೀಸಾಗಿ ಬರುವುದಿಲ್ಲ. ನನಗಂತೂ ಬರಲಿಲ್ಲ.

ಹಾಗೆ ನೋಡಿದರೆ ಪರೀಕ್ಷೆ ಮಾಡುವುದೇ ನನ್ನ ಕಸುಬು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗೋಡೆಗೆ ಹಾಕುವ ಸ್ವಿಚ್ಚು ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದವಳು. ಸ್ವಿಚ್ಚನ್ನು ಟಕ್ ಟಕ್ ಒತ್ತಿ ನೋಡಿ ಹಾಳೆಯಲ್ಲಿ ಓಕೆ ಎಂದು ಗುರುತು ಹಾಕಬೇಕು. ಶಿಫ್ಟು ಮುಗಿಯುವ ಹೊತ್ತಿಗೆ ಬೆರಳು ಸೋತು, ಒತ್ತದೆಯೇ ಓಕೆ ಹಾಕಿಸಿಕೊಂಡ ಸ್ವಿಚ್ಚುಗಳೂ ಉಂಟು. ನಿಮ್ಮ ಮನೆಯಲ್ಲಿ ಯಾವುದಾದರೂ ದೀಪ ಎರಡೆರಡು ಸಲ ಒತ್ತಿದರೆ ಮಾತ್ರ ಹತ್ತುತ್ತಿದ್ದರೆ ನನ್ನನ್ನು ಕ್ಷಮಿಸಿಬಿಡಿ. ಹಳೆಯ ಕಂಪನಿಯಲ್ಲಿ ಎಲ್ಲರ ಜೊತೆಗೆ ನನಗೂ ಆರೋಗ್ಯ ವಿಮೆಯ ಕಾರ್ಡು ಕೊಟ್ಟಿದ್ದರು. ಇಲ್ಲಿ ಅದಿಲ್ಲ, ಎರಡು ಹೊತ್ತು ಚಹಾ ಇದೆ. ಇಪ್ಪತ್ತೇಳು ವರ್ಷದವಳಿಗೆ ಏನಾಗಿಬಿಡುತ್ತದೆ ಎಂದು ಒಂದು ವರ್ಷ ಚಹಾ ಕುಡಿದುಕೊಂಡೇ ಇದ್ದೆ. ಆಮೇಲೊಂದು ದಿನ ಸಿಂಗಸಂದ್ರದ ಬಾಡಿಗೆ ಮನೆಯ ಮೂರನೇ ಮಹಡಿಗೆ ನೀರಿನ ಕ್ಯಾನು ಹೊತ್ತು ಹತ್ತುವಾಗ ಎದೆ ಪಟಪಟ ಹೊಡೆದುಕೊಂಡು, ಕಣ್ಣಿಗೆ ಕತ್ತಲೆ ಕವಿದು, ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಕ್ಯಾನು ಉರುಳಿಕೊಂಡು ಹೋಗಿ ಕೆಳಗಿನ ಮನೆಯವರ ಬಾಗಿಲು ತಟ್ಟಿತು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹಾಗೇ ಆಯಿತು. ಬುದ್ಧಿ ಇದ್ದವರು ಡಾಕ್ಟರ ಹತ್ತಿರ ಹೋಗುತ್ತಾರೆ. ನಾನು ವಿಮೆ ಮಾಡಿಸಲು ಹೊರಟೆ. ಡಾಕ್ಟರು ಏನಾದರೂ ಕಂಡುಹಿಡಿದುಬಿಟ್ಟರೆ ಅದನ್ನು ಫಾರ್ಮಿನಲ್ಲಿ ಬರೆಯಬೇಕಾಗುತ್ತದೆ, ಕಂಡುಹಿಡಿಯದಿದ್ದರೆ ‘ಇಲ್ಲ’ ಎಂದು ಬರೆಯಬಹುದು ಎನ್ನುವುದು ನನ್ನ ಜಾಣತನ.

ಫಾರ್ಮು ಸಲೀಸಾಗಿ ಮುಗಿಯಿತು. ಮೊಬೈಲಿನಲ್ಲಿ ಒಂದರ ಕೆಳಗೊಂದು ರೋಗಗಳ ಹೆಸರು, ಎಲ್ಲದರ ಪಕ್ಕದಲ್ಲೂ ‘ಇಲ್ಲ’. ಶಿಫ್ಟಿನ ಕೊನೆಯ ಸ್ವಿಚ್ಚುಗಳಿಗೆ ಓಕೆ ಹಾಕುವ ಹಾಗೆ ಟಕಟಕ ಒತ್ತಿಕೊಂಡು ಹೋದೆ. ಇದೇ ಪ್ರಶ್ನೆಗಳನ್ನು ಕಂಪನಿಯವರು ಫೋನಿನಲ್ಲಿ ಮತ್ತೊಮ್ಮೆ ಕೇಳುತ್ತಾರೆ ಎಂದು ಕೊನೆಯಲ್ಲಿ ಬರೆದಿತ್ತು. ಅದೇ ವಾರ ರಾಣೆಬೆನ್ನೂರಿನಿಂದ ಅವ್ವ ಬಂದಳು, ಕೈಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ತನ್ನ ಕಟ್ಟುಪಾಡುಗಳನ್ನು ತುಂಬಿಕೊಂಡು.

ಅವ್ವನ ಕಟ್ಟುಪಾಡುಗಳಲ್ಲಿ ಮುಖ್ಯವಾದದ್ದು ದೀಪ ಹಚ್ಚುವ ಹೊತ್ತಿನದು. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ಮನೆಮನೆಯ ಮೇಲೆ ಸುಳಿಯುತ್ತಿರುತ್ತಾರಂತೆ. ನಾವು ಏನಂದರೂ ಅವರು ‘ಅಸ್ತು’ ಅನ್ನುತ್ತಾರೆ, ಅದು ಹಾಗೇ ಆಗುತ್ತದೆ. ಆದ್ದರಿಂದ ರೋಗದ ಹೆಸರು ಎತ್ತಕೂಡದು. ಸಾಯಂಕಾಲಕ್ಕೆಂದು ಶುರುವಾದ ಈ ನಿಯಮ ನಮ್ಮ ಮನೆಯಲ್ಲಿ ಹಬ್ಬುತ್ತ ಹಬ್ಬುತ್ತ ಇಡೀ ದಿನಕ್ಕೆ ಬಂತು. ಸೋದರತ್ತೆಗೆ ಬಂದಿದ್ದು ‘ಆ ಬ್ಯಾನಿ’, ಅಂದರೆ ಆ ಕಾಯಿಲೆ, ಅಷ್ಟೆ. ಅಪ್ಪ ತೀರಿಕೊಂಡದ್ದು ಬಿಸಿಲು ಬಡಿದು. ನಾನಾಗ ಆರನೇ ಕ್ಲಾಸು, ಬಸ್‌ಸ್ಟ್ಯಾಂಡಿನಲ್ಲಿ ಕುಸಿದವನನ್ನು ಮನೆಗೆ ತಂದಿದ್ದರು. ಅಂದಿನಿಂದ ಅವ್ವ ನನ್ನನ್ನು ಕೊಡೆಯಿಲ್ಲದೆ ಹೊರಗೆ ಬಿಟ್ಟವಳಲ್ಲ. ಅದು ಶ್ರಾವಣ ಮಾಸವಾಗಿತ್ತು, ಮೂರು ದಿನದಿಂದ ಬಿಸಿಲೇ ಬಿದ್ದಿರಲಿಲ್ಲ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು. ಹೊಳೆದರೂ ನಾನು ಕೇಳಲಿಲ್ಲ.

ವಿಮೆಯ ಫೋನು ಮೊದಲ ಸಲ ಬಂದದ್ದು ಅವ್ವ ಬತ್ತಿಗೆ ಕಡ್ಡಿ ಗೀರಿದ ಗಳಿಗೆಯಲ್ಲಿ. ಹೆಂಗಸಿನ ದನಿ, ಆರೋಗ್ಯದ ಬಗ್ಗೆ ಕೆಲವು ಪ್ರಶ್ನೆ ಅಂದಿತು. ಅವ್ವ ಕಣ್ಣು ಕೆಕ್ಕರಿಸಿದಳು, ನಾನು ಕಟ್ ಮಾಡಿದೆ. ಮರುದಿನ ಹಗಲೆಲ್ಲ ಕಾದೆ, ಬರಲಿಲ್ಲ. ಸಂಜೆ ಬೇರೆ ನಂಬರಿನಿಂದ ಬಂತು. ಅದೇ ದನಿ, ಅದೇ ಕಡ್ಡಿ ಗೀರಿದ ಗಳಿಗೆ. ಮೂರನೆಯ ದಿನ ನಾನೊಂದು ಉಪಾಯ ಮಾಡಿ, ಅವ್ವನನ್ನು ಕಾಡಿಬೇಡಿ ದೀಪವನ್ನು ಕಾಲು ಗಂಟೆ ಮೊದಲೇ ಹಚ್ಚಿಸಿದೆ. ಫೋನೂ ಕಾಲು ಗಂಟೆ ಮೊದಲೇ ಬಂತು. ಅವ್ವ ಕಡ್ಡಿ ಹಿಡಿದುಕೊಂಡೇ ಫೋನನ್ನು ನೋಡುತ್ತ, ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಮೆಲ್ಲಗೆ ಕೇಳಿದಳು. ನಾನು ಕಟ್ ಮಾಡಿದೆ. ನಿಜ ಹೇಳಬೇಕೆಂದರೆ ಆ ಕೋಣೆಯಲ್ಲಿ ನನಗೂ ಸ್ವಲ್ಪ ಚಳಿಯಾಯಿತು.

ನಾಲ್ಕನೆಯ ಸಂಜೆ ಕರೆಂಟು ಹೋಗಿತ್ತು. ಇಡೀ ಬಿಲ್ಡಿಂಗಿನಲ್ಲಿ ಫ್ಯಾನುಗಳು ನಿಂತು, ಅವ್ವನ ದೀಪವೊಂದೇ ಉರಿಯುತ್ತಿತ್ತು. ಫೋನು ಬಂತು. ಇವತ್ತು ಮಾತಾಡದಿದ್ದರೆ ಅರ್ಜಿಯೇ ರದ್ದಾಗುತ್ತದೆಂದು ಮೆಸೇಜು ಬಂದಿದ್ದರಿಂದ ಎತ್ತಿದೆ. ಆ ದನಿಯ ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ, ಬಾವಿಯೊಳಗೆ ಕುಳಿತು ಮಾತಾಡಿದ ಹಾಗಿತ್ತು. ಸಕ್ಕರೆ ಕಾಯಿಲೆ ಇದೆಯೇ ಅಂದಿತು, ಇಲ್ಲ ಅಂದೆ. ಬಿಪಿ ಇದೆಯೇ ಅಂದಿತು, ಇಲ್ಲ ಅಂದೆ. ಒಂದೊಂದು ಹೆಸರಿಗೂ ಅವ್ವ ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದಳು. ಎದೆ ಜೋರಾಗಿ ಹೊಡೆದುಕೊಳ್ಳುವುದು, ತಲೆ ಸುತ್ತಿ ಬೀಳುವುದು ಯಾವತ್ತಾದರೂ ಆಗಿದೆಯೇ ಎಂದು ದನಿ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ, ಆರಿದ ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಲೊಚ್ ಲೊಚ್ ಲೊಚ್ ಅಂದಿತು.

ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ಸತ್ಯ. ನೆಲ ತಟ್ಟಿ ದೇವರ ಹೆಸರು ಹೇಳಬೇಕು. ಅವ್ವ ‘ಶಿವ ಶಿವ’ ಎಂದು ನೆಲ ತಟ್ಟಿ, ದೀಪದ ಮೇಲಿಂದ ನನ್ನ ಮುಖ ನೋಡಿದಳು. ನಾನು ಫೋನಿಗೆ ‘ಇಲ್ಲ’ ಅಂದೆ.

“ಮೇಡಂ, ಪಕ್ಕದಲ್ಲಿ ಯಾರೋ ಉತ್ತರ ಹೇಳಿದ ಹಾಗಾಯ್ತು.”

“ಯಾರೂ ಇಲ್ಲ. ಹಲ್ಲಿ.”

ಆ ಕಡೆಯಿಂದ ಮೇಜಿನ ಮೇಲೆ ಬೆರಳ ಗೆಣ್ಣು ತಾಗಿದ ಟಕ್ ಟಕ್, ಅದರ ಹಿಂದೆ ಪಿಸುದನಿಯಲ್ಲಿ ‘ಕೃಷ್ಣ ಕೃಷ್ಣ’. ರೆಕಾರ್ಡ್ ಆಗುತ್ತಿರುವ ಮಾತಿನಲ್ಲಿ! ದನಿ ಮತ್ತೆ ಮೊದಲಿನಂತಾಗಿ, “ಪ್ರಶ್ನೆ ಇನ್ನೊಂದ್ಸಲ ಕೇಳ್ತೀನಿ ಮೇಡಂ, ನಿಧಾನವಾಗಿ ಹೇಳಿ” ಅಂದಿತು.

ಹೇಳಿದೆ. ಎರಡು ಸಲ, ಮೆಟ್ಟಿಲ ಮೇಲೆ ಎಂದು ಹೇಳಿದೆ. ತಂದೆ ತಾಯಿಗೆ ಹೃದಯದ ತೊಂದರೆ ಇತ್ತೇ ಎಂದು ಮುಂದಿನ ಪ್ರಶ್ನೆ ಬಂತು. ಅಪ್ಪ ಬಿಸಿಲು ಬಡಿದು ಹೋದರು ಎಂದು ಅಭ್ಯಾಸಬಲದಿಂದ ಅಂದೆ. ಹಲ್ಲಿ ಸುಮ್ಮನಿತ್ತು. ಅವ್ವ ಅದರ ಕಡೆ ಒಮ್ಮೆ ನೋಡಿ, ನನ್ನ ಕೈಯಿಂದ ಫೋನು ತೆಗೆದುಕೊಂಡಳು.

“ಬಿಸಲಲ್ಲವ್ವಾ. ಎದಿ ನಿಂತಿತ್ತು. ನಲವತ್ತೊಂದು ವರ್ಷ ಅವರಿಗೆ. ಬರಕೋ.”

ಹದಿನಾರು ವರ್ಷ ಹಗಲಿನಲ್ಲೂ ಆಡದ ಮಾತನ್ನು ಅವ್ವ ದೀಪದ ಮುಂದೆ ಕುಳಿತು ಆಡಿದಳು. ಫೋನು ಇಟ್ಟ ಮೇಲೆ ಬತ್ತಿ ಸರಿಮಾಡುತ್ತ, “ಹೆಸರ ಹಿಡದ ಕರದ್ರ ಅದು ನಿನ್ನ ಹುಡಿಕ್ಕೊಂಡ ಬರತೈತಿ ಅಂತ ಸುಮ್ಮನಿದ್ದೆ” ಅಂದಳು. ನನಗೆ ಅಳು ಬಂತು. ಕರೆಂಟು ಬರುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು.

ಮುಂದಿನ ವಾರ ಡಾಕ್ಟರು ಎದೆಗೆ ವೈರು ಅಂಟಿಸಿ ನೋಡಿ, ಬಡಿತದಲ್ಲಿ ತಾಳ ತಪ್ಪುತ್ತಿದೆ, ಹೆದರಬೇಡಿ, ಆದರೆ ಬೇಗ ಬಂದದ್ದು ಒಳ್ಳೆಯದಾಯಿತು ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ಪಾಲಿಸಿಯೂ ಬಂತು. ಹೃದಯಕ್ಕೆ ಸಂಬಂಧಿಸಿದ್ದಕ್ಕೆ ಮೂರು ವರ್ಷ ಕಾಯಬೇಕಂತೆ. ಅಂದರೆ ನನಗಿರುವ ಕಾಯಿಲೆ ಒಂದನ್ನು ಬಿಟ್ಟು, ಇಲ್ಲದಿರುವ ಅಷ್ಟೂ ಕಾಯಿಲೆಗಳಿಂದ ನಾನೀಗ ಸುರಕ್ಷಿತಳು.

ಅವ್ವ ಊರಿಗೆ ಮರಳಿದ್ದಾಳೆ. ಈಗ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಬರುವ ಫೋನು ಅವಳದೇ. ಗುಳಿಗೆ ತಗೊಂಡೆಯಾ ಎಂದು ಕೇಳುತ್ತಾಳೆ, ತಗೊಂಡೆ ಎನ್ನುತ್ತೇನೆ. ಆಮೇಲೆ ಹಲ್ಲಿ ನುಡಿಯಲೆಂದು ಇಬ್ಬರೂ ನನ್ನ ಗೋಡೆಗೆ ಕಿವಿ ಕೊಟ್ಟು ಕಾಯುತ್ತೇವೆ. ಪೊರಕೆ ಹಿಡಿದು ಹಲ್ಲಿ ಓಡಿಸುತ್ತಿದ್ದವಳು ಈಗ ಅದಕ್ಕೆ ಹುಳ ಸಿಗಲೆಂದು ಟ್ಯೂಬ್‌ಲೈಟು ಹಾಕಿಡುತ್ತೇನೆ. ಮೊನ್ನೆ ಶಿಫ್ಟು ಮುಗಿಸಿ ಬಂದು ಹಾಸಿಗೆಗೆ ಒರಗಿದ್ದೆ, ಗುಳಿಗೆ ತೆಗೆದುಕೊಂಡಿರಲಿಲ್ಲ, ಏಳುವ ಮನಸ್ಸಿರಲಿಲ್ಲ. ಅವ್ವ ಫೋನಿನಲ್ಲಿ ಕೇಳಿದಾಗ ತಗೊಂಡೆ ಅಂದೆ. ಹಲ್ಲಿ ನುಡಿಯಲಿಲ್ಲ. ಒತ್ತದೆ ಓಕೆ ಹಾಕುವ ಬುದ್ಧಿ ಎಲ್ಲಿ ಹೋಗುತ್ತದೆ? ಫೋನು ಸ್ವಲ್ಪ ದೂರ ಹಿಡಿದು, ನಾಲಿಗೆಯಿಂದ ನಾನೇ ಲೊಚ್ ಅಂದೆ.

“ಹಲ್ಲಿ ಒಂದ ಸಲ ಅಷ್ಟ ನುಡಿಯೂದಿಲ್ಲವ್ವಾ” ಅಂದಳು ಅವ್ವ. “ಎದ್ದು ಗುಳಿಗಿ ನುಂಗು.” ಫೋನಿಟ್ಟಳು.

ಎದ್ದೆ, ನುಂಗಿದೆ. ಲೋಟ ಕೆಳಗಿಡುವಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದಿನಿಂದ ಸರಿಯಾಗಿ ಮೂರು ಸಲ ಕೇಳಿಸಿತು. ನೋಡುವವರು ಯಾರೂ ಇರಲಿಲ್ಲ. ಬಗ್ಗಿ ನೆಲ ತಟ್ಟಿದೆ.