ಮನಸ್ಸಾದಾಗ ಓಡುವ ಪಿಕಪ್

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದು. ಒಂದು ಹೊತ್ತು ಕೆಟ್ಟು, ಇನ್ನೊಂದು ಹೊತ್ತು ಏನೂ ಆಗೇ ಇಲ್ಲವೆನ್ನುವ ಹಾಗೆ ಓಡುವ ಗಾಡಿ ಇದೆಯಲ್ಲ, ಅದು ನಮ್ಮಂಥವರ ಮಾನ ಕಳೆಯೋಕೆ ಅಂತಲೇ ಹುಟ್ಟಿರುತ್ತೆ. ಚಿಂತಾಮಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಬ್ಯಾಟರಿ, ವೈರಿಂಗ್, ಸೆಲ್ಫ್ ಮೋಟಾರ್ ಕೆಲಸ. ಇಂಥ ಗಾಡಿಗಳು ಬಾಗಿಲಿಗೆ ಬರುತ್ತಲೇ ಇರುತ್ತವೆ. ಆದರೆ ಕೈವಾರದ ಪಕ್ಕದ ಹಳ್ಳಿಯ ಯಜಮಾನರೊಬ್ಬರ ಹಳೇ ಡೀಸೆಲ್ ಪಿಕಪ್ ಆಡಿಸಿದಷ್ಟು ಆಟ ಯಾವುದೂ ಆಡಿಸಿಲ್ಲ. ಅವರು ಹಿಪ್ಪುನೇರಳೆ, ಟೊಮೆಟೊ ಬೆಳೆಯುವವರು. ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಗಾಡಿಯ ಜೊತೆ ಮಾತಾಡೋದು ಬರೀ ತೆಲುಗಿನಲ್ಲೇ.

ಫೋಟೋ ಕೊಡಿ

ಮೊದಲ ಸಲ ಪಿಕಪ್ ನನ್ನ ಅಂಗಡಿಗೆ ಬಂದಿದ್ದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಯಜಮಾನರು ಇಳಿದವರೇ, "ಸತ್ತೋಗಿದೆ ಕಣಣ್ಣ. ದಾರೀಲಿ ಓಡ್ತಾ ಓಡ್ತಾ ಆಫ್ ಆಯ್ತು. ಎಷ್ಟು ಚಾವಿ ತಿರುಗಿಸಿದ್ರೂ ಉಸಿರಿಲ್ಲ" ಅಂದರು.

ನಾನು ಒಳಗೆ ಕೂತು ಅವರು ಕೊಟ್ಟ ಚಾವಿ ತಿರುಗಿಸಿದೆ. ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಟ್ರ್ಯಾಕ್ಟರಿನವನು ಯಜಮಾನರ ಮುಖ ನೋಡಿದ. ತನ್ನ ಕೆಲಸ ಬಿಟ್ಟು ಎಳೆದುಕೊಂಡು ಬಂದಿದ್ದ ಪಾಪ, ಹಗ್ಗ ಸುತ್ತಿಕೊಂಡು ಹೊರಟುಹೋದ.

ಇದೇ ಕಥೆ ಮತ್ತೆ ಮತ್ತೆ ನಡೆಯಿತು. ಊರಲ್ಲಿ ನಿಲ್ಲೋದು, ನನ್ನ ಮುಂದೆ ಓಡೋದು. ಕೊನೆಗೊಂದು ದಿನ ಯಜಮಾನರು ಕೇಳಿದರು:

"ಅಣ್ಣ, ಇದಕ್ಕೆ ನಿಮ್ಮನ್ನ ಕಂಡ್ರೆ ಭಯ. ನಿಮ್ದೊಂದು ಫೋಟೋ ಇದ್ರೆ ಕೊಡಿ, ಗಾಜಿನ ಹತ್ರ ದೇವ್ರ ಪಕ್ಕದಲ್ಲಿ ಇಟ್ಕೊಳ್ತೀನಿ."

ಬೆಟ್ಟ ಹತ್ತಿದವರು

ಇದನ್ನು ಯಜಮಾನರೇ ನನಗೆ ಹೇಳಿದ್ದು, ಅದೂ ನಗದೆ.

ಸ್ಕಂದಗಿರಿ ಕಡೆಯ ಹಳ್ಳಿಯೊಂದರಲ್ಲಿ ನೆಂಟರ ಮನೆಗೆ ಹೋಗಿ ಬರುವಾಗ ಗಾಡಿ ರಸ್ತೆ ಮಧ್ಯೆ ನಿಂತಿತು. ಆಗಷ್ಟೇ ಬೆಟ್ಟ ಇಳಿದು ಬಂದಿದ್ದ ಒಂದಷ್ಟು ಹುಡುಗ ಹುಡುಗಿಯರು ಕಂಡರು. ಬೆಂಗಳೂರಿನ ಮಕ್ಕಳು, ಒಳ್ಳೆಯವರು. "ಅಂಕಲ್, ಪುಶ್ ಮಾಡ್ಲಾ?" ಅಂತ ತಾವೇ ಕೇಳಿದರು.

"ಬ್ಯಾಗ್ ಹೊತ್ಕೊಂಡು ಹೆಂಗಮ್ಮ ತಳ್ತೀರಾ? ಹಿಂದೆ ಹಾಕಿ" ಅಂದರು ಯಜಮಾನರು.

ಮಕ್ಕಳು ಬ್ಯಾಗ್ ಹಾಕಿ ತಳ್ಳಿದರು. ಗಾಡಿ ಕೆಮ್ಮಿ ಸ್ಟಾರ್ಟ್ ಆಯಿತು. ಯಜಮಾನರಿಗೆ ಒಂದೇ ಭಯ, ನಿಲ್ಲಿಸಿದರೆ ಮತ್ತೆ ಆಫ್ ಆದೀತು. ಕೈ ಆಚೆ ಹಾಕಿ ಥ್ಯಾಂಕ್ಸ್ ಅನ್ನುವ ಹಾಗೆ ಆಡಿಸುತ್ತಾ ಒಂದೇ ಓಟ. ಹಿಂದೆ ಮಕ್ಕಳು "ಅಂಕಲ್, ಅಂಕಲ್" ಅಂತ ಕೂಗಿಕೊಂಡು ಓಡಿ ಬರುತ್ತಿದ್ದರು. ಇವರು ಕನ್ನಡಿಯಲ್ಲಿ ನೋಡಿ, 'ಎಷ್ಟು ಪ್ರೀತಿ ಈ ಮಕ್ಕಳಿಗೆ' ಅಂದುಕೊಂಡರಂತೆ.

ಚಿಕ್ಕಬಳ್ಳಾಪುರದ ಹತ್ತಿರ ಮಕ್ಕಳು ಆಟೋದಲ್ಲಿ ಬಂದು ಅಡ್ಡ ಹಾಕಿದರು. ಯಜಮಾನರು ಗಾಡಿ ನಿಲ್ಲಿಸಿದರು. ಅದು ಆಫ್ ಆಯಿತು. ಬ್ಯಾಗುಗಳನ್ನೆಲ್ಲ ಒಂದೊಂದಾಗಿ ಇಳಿಸಿಕೊಟ್ಟು, ನಾಚಿಕೊಂಡು ಅಂದರಂತೆ:

"ಹೆಂಗೂ ಇಷ್ಟು ದೂರ ಬಂದಿದೀರಲ್ಲಪ್ಪ, ಇನ್ನೊಂದ್ ಸಲ ತಳ್ಳಿಬಿಡಿ."

ಮನೆ ಭಾರ

ನಾನು ಬ್ಯಾಟರಿ ಟರ್ಮಿನಲ್ ಉಜ್ಜಿದೆ, ಅರ್ಥಿಂಗ್ ವೈರ್ ಬದಲಾಯಿಸಿದೆ, ರಿಲೇ ಹೊಸದು ಹಾಕಿದೆ. ಗೌರಿಬಿದನೂರಿನವರೆಗೆ ಒಬ್ಬನೇ ಓಡಿಸಿಕೊಂಡು ಹೋಗಿ ಬಂದೆ. ಒಂದು ಸಲವೂ ನಿಲ್ಲಲಿಲ್ಲ. ಯಜಮಾನರು ತಗೊಂಡು ಹೋದ ಸಂಜೆಯೇ ಫೋನು: "ನಿಂತೋಯ್ತು."

ಯಜಮಾನರಿಗೆ ತಮ್ಮ ಜಾತಕದ ಮೇಲೇ ಅನುಮಾನ ಬಂತು. ಅವರ ಹೆಂಡತಿ ಮಾತ್ರ, "ಜಾತಕ ಅಲ್ಲ, ಇವ್ರ ಮಾತು ಕೇಳಿ ಕೇಳಿ ಗಾಡಿಗೂ ಸಾಕಾಗಿದೆ" ಅಂದರು.

ಅಷ್ಟರಲ್ಲಿ ಅವರ ಮನೆಯ ರೇಷ್ಮೆ ಹುಳ ಗೂಡು ಕಟ್ಟಿ ಮುಗಿದಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊತ್ತಿಗೆ ಸರಿಯಾಗಿ ಹೋಗಲೇಬೇಕು. ತಡವಾದರೆ ಚಿಟ್ಟೆ ಗೂಡು ಕೊರೆದು ಆಚೆ ಬರುತ್ತೆ, ಆಮೇಲೆ ಯಾರೂ ಮುಟ್ಟಲ್ಲ. ಇಡೀ ಮನೆಯವರು ನಿದ್ದೆಗೆಟ್ಟು ಹುಳಕ್ಕೆ ಸೊಪ್ಪು ಹಾಕಿದ ಬೆಳೆ. ಬೇರೆ ಗಾಡಿ ಸಿಗಲಿಲ್ಲ. "ನೀವೂ ಬನ್ನಿ ಅಣ್ಣ" ಅಂದರು. ಗೂಡಿನ ಮೂಟೆ ಹಿಂದೆ, ನಾನು ಪಕ್ಕದಲ್ಲಿ.

ಶಿಡ್ಲಘಟ್ಟ ಇನ್ನೂ ದೂರ ಇರುವಾಗ ಒಂದು ಹಂಪ್ ಹಾರಿತು, ಇಂಜಿನ್ ಆಫ್. ಯಜಮಾನರ ತೆಲುಗು ಶುರುವಾಯಿತು. ನನ್ನ ಕಣ್ಣು ಮಾತ್ರ ಅವರ ಮೊಣಕಾಲಿನ ಹತ್ತಿರ ಗಂಟೆಯ ಹಾಗೆ ತೂಗಾಡುತ್ತಿದ್ದ ಬೀಗದ ಕೈ ಗೊಂಚಲಿನ ಮೇಲೆ ಬಿತ್ತು.

"ಯಜಮಾನ್ರೇ, ಇದೇನಿದು?"

"ಮನೆದು, ಹುಳದ ಮನೆದು, ಪಂಪ್‌ಸೆಟ್ಟಿಂದು, ಟ್ರಂಕಿಂದು, ಸತ್ತೋದ ನಮ್ಮತ್ತೆ ಬೀರುದು…"

"ನನಗೆ ಕೊಡ್ತಿದ್ದಿದ್ದು ಒಂಟಿ ಚಾವಿ ಅಲ್ವಾ?"

"ಅದು ಸ್ಪೇರು. ಮನೆ ಬೀಗದ ಕೈ ಯಾರಾದ್ರೂ ಮೆಕ್ಯಾನಿಕ್ ಕೈಗೆ ಕೊಡ್ತಾರಾ?"

ಸವೆದ ಚಾವಿ ಸ್ವಿಚ್ಚು. ಅದಕ್ಕೆ ಇಷ್ಟು ಕಬ್ಬಿಣ ಜೋತುಬಿದ್ದರೆ, ಕುಲುಕಿದಾಗೆಲ್ಲ ಚಾವಿ ತಾನೇ ಜಗ್ಗಿ ಕರೆಂಟು ತಪ್ಪುತ್ತಿತ್ತು. ಗೊಂಚಲು ಬಿಚ್ಚಿ ಅವರ ಮಡಿಲಿಗೆ ಹಾಕಿದೆ. ಗಾಡಿ ಸ್ಟಾರ್ಟ್ ಆಯಿತು, ಹಂಪ್ ಮೇಲೆ ಹಂಪ್ ಹಾರಿತು, ನಿಲ್ಲಲಿಲ್ಲ. ಗೂಡು ಹೊತ್ತಿಗೆ ಮುಂಚೆಯೇ ಮಾರ್ಕೆಟ್ ಸೇರಿತು.

ವಾಪಸ್ ಬರುವಾಗ ಯಜಮಾನರು ಗೊಂಚಲನ್ನು ಕೈಯಲ್ಲಿ ತೂಗಿ ನೋಡಿ ಅಂದರು: "ಅಂದ್ರೆ ಗಾಡಿಗೆ ಏನೂ ಕಾಯಿಲೆ ಇಲ್ಲ. ಸಂಸಾರ ಭಾರ ಆಗಿತ್ತು ಅಷ್ಟೇ."

ಗಿರಾಕಿ ಬಂದಾಗ

ಹೊಸ ಸ್ವಿಚ್ ಹಾಕಿದೆ. ಗಾಡಿ ಕುದುರೆಯ ಹಾಗೆ ಓಡತೊಡಗಿತು. ಆದರೆ ಹಿಂದೆ ಸಿಟ್ಟಿನಲ್ಲಿ ಯಜಮಾನರು ಗೌರಿಬಿದನೂರಿನ ಒಬ್ಬನಿಗೆ, "ಗಾಡಿ ಮಾರ್ತೀನಿ, ಬಂದು ತಗೊಂಡು ಹೋಗಪ್ಪ" ಅಂತ ಮಾತು ಕೊಟ್ಟುಬಿಟ್ಟಿದ್ದರು. ಈಗ ಅವನು ಬರುತ್ತೇನೆ ಅಂದ. ಕೊಟ್ಟ ಮಾತು ತಪ್ಪೋಕಾಗಲ್ಲ, ಗಾಡಿ ಬಿಡೋಕೂ ಮನಸ್ಸಿಲ್ಲ.

ನನಗೆ ಫೋನ್ ಮಾಡಿ ಪಿಸುಗುಟ್ಟಿದರು: "ಅಣ್ಣ, ಆ ಹಳೇ ರೋಗ ಇವತ್ತೊಂದಿನ ವಾಪಸ್ ಬರಿಸಕ್ಕಾಗುತ್ತಾ?"

"ವಾಸಿ ಮಾಡೋದೇ ಕಷ್ಟ ಆಯ್ತು ಯಜಮಾನ್ರೇ. ಬರಿಸೋದು ನಂಗೊತ್ತಿಲ್ಲ" ಅಂದೆ. ಆದರೂ ಕುತೂಹಲ ತಡೆಯದೆ ಅವರ ಮನೆಗೆ ಹೋದೆ.

ಯಜಮಾನರು ತಾವೇ ಬ್ಯಾಟರಿ ಟರ್ಮಿನಲ್ ಸಡಿಲ ಮಾಡಿಟ್ಟಿದ್ದರು. ಗಿರಾಕಿ ಚಾವಿ ತಿರುಗಿಸಿದ. ಟಕ್ ಅಂದು ಸುಮ್ಮನಾಯಿತು.

"ಹಿಂಗೇ ಕಣಪ್ಪ" ಅಂತ ಯಜಮಾನರು ಮುಖ ಸಣ್ಣದು ಮಾಡಿದರು. "ನಂಬಿ ತಗೊಂಡು ಹೋಗಿ ನೀನು ಕಷ್ಟ ಪಡೋದು ಬೇಡ."

ಗಿರಾಕಿ ಬಾನೆಟ್ ಎತ್ತಿದ, ಎರಡು ಬೆರಳಲ್ಲಿ ಟರ್ಮಿನಲ್ ಅದುಮಿ ತಿರುಗಿಸಿದ. ಗಾಡಿ ಸ್ಟಾರ್ಟ್ ಆಯಿತು. "ಇಷ್ಟೇನಾ? ತಗೊಂಡೇ ಹೋಗ್ತೀನಿ" ಅಂದ.

ಯಜಮಾನರು ಬಾನೆಟ್ ಮೇಲೆ ಕೈ ಇಟ್ಟವರು ತೆಗೆಯಲೇ ಇಲ್ಲ. ತನ್ನ ಪಾಡಿಗೆ ಇಂಜಿನ್ ಓಡುತ್ತಿತ್ತು, ಇವರು ನಿಂತೇ ಇದ್ದರು. ಅವರ ಹೆಂಡತಿ ಕಾಫಿ ತಂದವರು ಗಂಡನ ಮುಖ ಒಂದು ಗಳಿಗೆ ನೋಡಿದರು. ಆಮೇಲೆ ಗಿರಾಕಿಗೆ ಲೋಟ ಕೊಡುತ್ತಾ ಅಂದರು:

"ತಗೊಂಡು ಹೋಗಣ್ಣ. ಆದ್ರೆ ಜೊತೇಲಿ ಇವ್ರನ್ನೂ ಕರ್ಕೊಂಡು ಹೋಗು. ಇದು ಬಾಗಿಲಲ್ಲಿ ಇಲ್ದಿದ್ರೆ ಬೆಳಗ್ಗೆ ಇವ್ರು ಸ್ಟಾರ್ಟ್ ಆಗಲ್ಲ. ದಿನಾ ತಳ್ಳೋಕೆ ನನ್ ಕೈಲಾಗಲ್ಲ."

ಗಿರಾಕಿ ಗಾಡಿಯನ್ನು ನೋಡಿದ, ಯಜಮಾನರನ್ನು ನೋಡಿದ. "ಎರಡೂ ಹಳೇ ಮಾಡೆಲ್ಲು, ಬೇಡ ತಾಯಿ" ಅಂದು ಕಾಫಿ ಮುಗಿಸಿ ಬಸ್ ಹತ್ತಿದ.